ಎದುರಂಗಡಿ

ಕೆಲಸ ಬಿಟ್ಟವರು ಅದೇ ಕಸುಬನ್ನು ಬೇರೆ ಕಡೆ ಮಾಡಕೂಡದು ಎಂಬ ಕರಾರುಗಳನ್ನು ನಿಷೇಧಿಸಲು ರಾಜ್ಯ ಸರ್ಕಾರ ಮಸೂದೆ ತಂದಿತ್ತು. ಜನರ ಅಭಿಪ್ರಾಯ ಕೇಳಲು ಶಾಸಕರ ಸಮಿತಿ ಊರಿಗೆ ಬಂದಿತ್ತು.

ತನುಜಾ ಮೊದಲು ಮಾತನಾಡಿದಳು. ಕೆಲಸಕ್ಕಿದ್ದ ಬ್ಯೂಟಿ ಪಾರ್ಲರ್ ಬಿಟ್ಟ ಮೇಲೆ, ಸಹಿ ಹಾಕಿದ್ದ ಕರಾರಿನಂತೆ, ಎರಡು ವರ್ಷ ಈ ಊರಿನಲ್ಲಿ ಅವಳು ಯಾರ ತಲೆಗೂದಲನ್ನೂ ಮುಟ್ಟುವಂತಿರಲಿಲ್ಲ. ಹಾಲು ಕುಡಿಯುವ ಮಗುವನ್ನು ನೆರೆಮನೆಯಲ್ಲಿ ಬಿಟ್ಟು, ದಿನಾ ಬಸ್ಸಿನಲ್ಲಿ ಪಕ್ಕದ ಜಿಲ್ಲೆಗೆ ಹೋಗಿ ದುಡಿಯುತ್ತಿದ್ದಳು.

ಪಾರ್ಲರಿನ ಒಡತಿ ವನಮಾಲಾ ಎದ್ದು ನಿಂತರು.

“ಬಂದಾಗ ಇವಳಿಗೆ ನೆಟ್ಟಗೆ ಜಡೆ ಹೆಣೆಯೋಕೂ ಬರ್ತಿರಲಿಲ್ಲ. ಮದುಮಗಳ ಅಲಂಕಾರದವರೆಗೂ ಕೈ ಹಿಡಿದು ಕಲಿಸಿದೆ. ಈಗ ನನ್ನೆದುರಿಗೇ ಅಂಗಡಿ ಇಡ್ತೀನಿ ಅಂತಾಳೆ. ನನ್ನ ಗತಿ ಏನು ಸಾರ್?”

ಸಭೆಯಲ್ಲಿ ಹಲವರು ತಲೆದೂಗಿದರು. ಕಲಿಸಿದ್ದು ಸುಳ್ಳಾಗಿರಲಿಲ್ಲ. ಎಲ್ಲ ಮುಗಿಯಿತೆಂದುಕೊಂಡು ತನುಜಾ ಬ್ಯಾಗು ಕೈಗೆತ್ತಿಕೊಂಡಳು.

ಸಮಿತಿಯ ಅಧ್ಯಕ್ಷರು ವನಮಾಲಾ ಅವರನ್ನು ಮೆಲ್ಲಗೆ ಕೇಳಿದರು, “ನಿಮಗೆ ಈ ಕೆಲಸ ಕಲಿಸಿದವರು ಯಾರಮ್ಮಾ?”

“ನಮ್ಮ ಶಕುಂತಲಕ್ಕ, ಸಾರ್. ಈಗ ನನ್ನ ಪಾರ್ಲರ್ ಇರೋ ಬೀದೀಲೇ ಅವರದೂ ಇತ್ತು. ಮದುವೆಗೆ ಮುಂಚಿನಿಂದ ಅವರ ಕೈಕೆಳಗೆ ಇದ್ದೆ.”

“ಅವರೂ ಇಂಥದ್ದೇ ಕರಾರಿಗೆ ಸಹಿ ಹಾಕು ಅಂದಿದ್ದರಾ?”

“ಅನ್ನದೆ ಬಿಡ್ತಾರಾ?” ವನಮಾಲಾ ಸೆರಗು ಸರಿಮಾಡಿಕೊಂಡು ಗಟ್ಟಿಯಾಗಿ ಹೇಳಿದರು. “ನಾನು ಹಾಕಲೇ ಇಲ್ಲ. ನಾಳೆ ನನ್ನ ಕಾಲ ಮೇಲೆ ನಾನು ನಿಲ್ಲಬೇಡ್ವಾ ಅಂದೆ.”