ತೂಕ ಇಳಿಸುವ ವಿದ್ಯೆ

ರೇಸಿಗೆ ಇಳಿಯಲೇಬೇಕೆಂದು ಯಜಮಾನರು ಹಳೇ ಕಾರೊಂದನ್ನು ತಂದು ಮನೆಯ ಗ್ಯಾರೇಜಿನಲ್ಲಿ ಬಿಚ್ಚಿ ಹರಡಿದ್ದರು. "ತೂಕ ಇಳಿದಷ್ಟೂ ಕಾರು ಹಾರುತ್ತೆ ಕಣೇ" ಎಂದು ಹಿಂದಿನ ಸೀಟು ಕಿತ್ತರು. ಎ.ಸಿ. ಕಿತ್ತರು. ಕಿಟಕಿಯ ಗಾಜನ್ನೂ ಉಳಿಸಲಿಲ್ಲ. ಕಾರಿನಡಿ ತೂರಿ ನಟ್ಟು ಬಿಗಿಯುವ ಕೆಲಸ ಮಾತ್ರ ಹೆಂಡತಿ ಸುಕನ್ಯಾಳದು. ಯಜಮಾನರ ಹೊಟ್ಟೆಗೆ ಅಲ್ಲಿ ಜಾಗ ಸಾಲದು.

ರೇಸಿನ ದಿನ ಬೆಳಿಗ್ಗೆ ಬೀದಿಯಲ್ಲಿ ಒಂದು ಸುತ್ತು ಹೊಡೆದು ಬಂದವರು ಮುಖ ಊದಿಸಿಕೊಂಡು ಸ್ಟಿಯರಿಂಗ್ ಮುಂದೆ ಕೂತೇ ಇದ್ದರು.

"ಇನ್ನೂ ಭಾರ ಇದೆ ಕಣೇ, ಎಳೀತಾನೇ ಇಲ್ಲ. ಕಿತ್ತು ಹಾಕೋಕೆ ಇನ್ನೇನು ಉಳಿದಿದೆ ಹೇಳು?"

ಸುಕನ್ಯಾ ಕಾರನ್ನು ಒಮ್ಮೆ ಸುತ್ತಿ ನೋಡಿದಳು. ಆಮೇಲೆ ಬಗ್ಗಿ, ಅವರ ಹೊಟ್ಟೆಗೆ ಬಿಗಿದಿದ್ದ ಸೀಟ್ ಬೆಲ್ಟು ಬಿಚ್ಚಿದಳು.

"ಇಳೀರಿ. ಹೆಲ್ಮೆಟ್ ಇಲ್ಲಿ ಕೊಡಿ."