ಫಲಿತಾಂಶ ಯಾರಿಗೆ ಹೇಳಬೇಕು?

“ಒಟ್ಟಿಗೆ ಕೂತರೆ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಉತ್ತರ ಹೇಳ್ತೀರಿ. ಅದಕ್ಕೇ ಒಬ್ಬೊಬ್ಬರನ್ನೇ ಕೇಳ್ತೀನಿ,” ಎಂದು ಆಸ್ಪತ್ರೆಯ ಆಪ್ತಸಮಾಲೋಚಕಿ ರೋಗಿಯ ಮಗಳನ್ನು ಹೊರಗೆ ಕೂರಿಸಿ, ಮೊದಲು ಅಪ್ಪನನ್ನು ಒಳಗೆ ಕರೆದಳು.

ಅಪ್ಪ ಬಸ್ ಡ್ರೈವರ್. ಪಕ್ಕದ ವಾರ್ಡಿನಲ್ಲಿ ಅವನ ಹೆಂಡತಿ ಕಣ್ಣು ಬಿಟ್ಟುಕೊಂಡೇ ಮಲಗಿದ್ದಳು. ಯಾರ ಗುರುತೂ ಹತ್ತುತ್ತಿರಲಿಲ್ಲ. ಶಾಲೆಯ ಮಕ್ಕಳಿಗೆ ಯೂನಿಫಾರಂ ಹೊಲಿದು ಪಳಗಿದ ಕೈ. ಬೇಸಿಗೆಯ ಶುರುವಿನಲ್ಲಿ ಅವಳು ಒಂದು ಅಂಗಿಯ ಎರಡೂ ತೋಳನ್ನು ಒಂದೇ ಕಡೆ ಕೂರಿಸಿದಾಗ ಮನೆಯವರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು. ಬೇಸಿಗೆ ಕಳೆಯುವುದರೊಳಗೆ ಅವಳಿಗೆ ನಡೆಯಲೂ ಆಗದಾಯಿತು. ಹತ್ತು ಲಕ್ಷಕ್ಕೊಬ್ಬರಿಗೆ ಬರುವ ಮೆದುಳಿನ ಕಾಯಿಲೆ ಇರಬಹುದು, ಇನ್ನು ಕೆಲವೇ ದಿನ ಎಂದಿದ್ದರು ಡಾಕ್ಟರು. ‘ಇರಬಹುದು’, ಅಷ್ಟೇ. ಸತ್ತ ಮೇಲೆ ಮೆದುಳನ್ನು ತೆಗೆದು ನೋಡಿದರೆ ಮಾತ್ರ ಖಚಿತ. ಅದು ತಾಯಿಯಿಂದ ಮಕ್ಕಳಿಗೆ ಇಳಿದು ಬರುವ ಬಗೆಯೇ ಎನ್ನುವುದೂ ಆಗ ತಿಳಿಯಬಹುದು. ಆ ಪರೀಕ್ಷೆಗೆ ಮನೆಯವರ ಒಪ್ಪಿಗೆ ಬೇಕಿತ್ತು.

“ಮಾಡಿ ಮೇಡಂ,” ಎಂದ ಅಪ್ಪ. “ಬಸ್ಸು ಕೆಟ್ಟು ನಿಂತರೂ ಯಾಕೆ ನಿಂತಿತು ಅಂತ ಯಾರಾದರೂ ಹೇಳ್ತಾರೆ. ಇವಳು ಯಾಕೆ ಹೀಗಾದಳು ಅಂತ ನನಗೆ ಒಬ್ಬರೂ ಹೇಳಿಲ್ಲ. ಗೊತ್ತಾಗದೆ ಹೋದ್ರೆ ನನಗೆ ತಲೆ ಕೆಟ್ಟುಹೋಗುತ್ತೆ.”

“ಅವರು ಹೋದ ಮೇಲೆ ಪರೀಕ್ಷೆಗೆ ಕರ್ಕೊಂಡು ಹೋಗೋದು, ವಾಪಸ್ ತಂದು ಒಪ್ಪಿಸೋದು ಎಲ್ಲ ನಾವೇ ನೋಡ್ಕೋತೀವಿ. ಹೊಲಿಗೆ ಕೂದಲೊಳಗೆ ಮುಚ್ಚಿಹೋಗುತ್ತೆ. ಮುಖ ಹಾಗೇ ಇರುತ್ತೆ,” ಎಂದಳು ಆಪ್ತಸಮಾಲೋಚಕಿ. “ಆಮೇಲೂ ಯಾವಾಗ ಬೇಕಾದರೂ ಫೋನ್ ಮಾಡಿ. ಸುಮ್ಮನೆ ಮಾತಾಡೋಕಾದ್ರೂ ಸರಿ.”

ಮಗಳ ಸರದಿ ಬಂತು. ಅವಳು ಕೂರಲೂ ಇಲ್ಲ.

“ಅಪ್ಪ ಮಾಡಿಸಲಿ, ಬೇಡ ಅನ್ನಲ್ಲ. ನನಗೆ ಮಾತ್ರ ಹೇಳಬೇಡಿ. ನನಗೂ ಒಬ್ಬ ಮಗಳಿದ್ದಾಳೆ. ಗೊತ್ತಾದ್ರೆ ದಿನಾ ಅವಳ ತಲೆ ಬಾಚುವಾಗ ಅದೇ ನೆನಪಾಗುತ್ತೆ.”

“ಹೆಚ್ಚಿನವರಲ್ಲಿ ಇದು ಹಾಗೆ ಇಳಿದು ಬಂದಿರಲ್ಲಮ್ಮ.”

“ಅಷ್ಟು ಸಾಕು ನನಗೆ. ಅದರ ಮೇಲೆ ಒಂದು ಮಾತೂ ಬೇಡ.”

ಸದ್ಯ, ಜಗಳವಿಲ್ಲದೆ ಮುಗಿಯಿತು ಎಂದುಕೊಂಡ ಆಪ್ತಸಮಾಲೋಚಕಿ ಮಗಳ ಒಪ್ಪಿಗೆ ಪಡೆದೇ ಅಪ್ಪನನ್ನೂ ಒಳಗೆ ಕರೆದಳು. “ಹಾಗಾದರೆ ಫಲಿತಾಂಶ ಅಪ್ಪನಿಗೆ ಮಾತ್ರ ಹೇಳ್ತೀನಿ. ಮಗಳಿಗೆ ಬೇಡವಂತೆ.”

ಮಗಳಿಗೆ ನಗು ಬಂತು. “ಅಪ್ಪನಿಗೆ ಹೇಳೋದೂ ಒಂದೇ, ಬಸ್ಸಿನ ಬೋರ್ಡಿನ ಮೇಲೆ ಬರೆಯೋದೂ ಒಂದೇ ಮೇಡಂ. ಇಸ್ಪೀಟಿಗೆ ಕೂತ್ರೆ ಇವರ ಕೈಲಿರೋ ಎಲೆ ಎದುರಿಗಿರೋರಿಗೆಲ್ಲ ಗೊತ್ತಾಗುತ್ತೆ. ಎಲ್ಲ ಮುಖದ ಮೇಲೇ ಇರುತ್ತೆ.”

ಅಪ್ಪನೂ ನಕ್ಕ. ಎಷ್ಟೋ ವಾರಗಳ ಮೇಲೆ ನಕ್ಕಿದ್ದು. ಆಮೇಲೆ ನಗು ನಿಂತಿತು. ಅವನು ಮಗಳನ್ನು ನೋಡಿ, ಆಪ್ತಸಮಾಲೋಚಕಿಯ ಕಡೆ ತಿರುಗಿದ.

“ಹಾಗಾದ್ರೆ ನನಗೂ ಹೇಳಬೇಡಿ.”

ಇಂಥ ಉತ್ತರ ಆಪ್ತಸಮಾಲೋಚಕಿಗೆ ಯಾರೂ ಕೊಟ್ಟಿರಲಿಲ್ಲ. “ಯಾರಿಗೂ ಹೇಳೋದು ಬೇಡ ಅಂದ್ರೆ ಪರೀಕ್ಷೆ ಯಾಕೆ?”

“ಮಾಡಿ ಇಟ್ಟಿರಿ. ಮುಂದೊಂದು ದಿನ ಇವಳಿಗೇ ಕೇಳಬೇಕು ಅನ್ನಿಸಬಹುದು. ಇಲ್ಲಾ, ಮೊಮ್ಮಗಳು ದೊಡ್ಡವಳಾಗಿ ಕೇಳಬಹುದು. ಮಣ್ಣಿಗೆ ಕಳಿಸಿಕೊಟ್ಟ ಮೇಲೆ ಪರೀಕ್ಷೆಗೆ ಅಂತ ಇವಳಮ್ಮನನ್ನ ವಾಪಸ್ ಕರೆಸೋಕಾಗುತ್ತಾ?”

ಮಗಳು ಅಪ್ಪನ ತೋಳು ಹಿಡಿದುಕೊಂಡಳು. “ಸಿಕ್ಕ ಸಿಕ್ಕ ಡಾಕ್ಟರನ್ನೆಲ್ಲ ತಡೆದು ಯಾಕೆ, ಯಾಕೆ ಅಂತ ಕೇಳ್ತಿದ್ದೆಯಲ್ಲಪ್ಪಾ. ನಿನಗೆ ತಿಳ್ಕೋಬೇಕು ಅಂತ ಅಷ್ಟೊಂದು ಇತ್ತು.”

“ಈಗಲೂ ಇದೆ,” ಎಂದು ಅಪ್ಪ ಒಪ್ಪಿಗೆ ಪತ್ರಕ್ಕೆ ರುಜು ಹಾಕಿದ. “ಆದ್ರೆ ನೀನು ಹೆದರದೆ ಮನೆಗೆ ಬಂದು ನನ್ನ ಮುಖ ನೋಡೋ ಹಾಗಿರಬೇಕಲ್ಲ.”