ಭಾರ್ಗವನಿಗೊಂದು ಬೈಬಲ್

“ಕನ್ನಡದಲ್ಲಿ ಮೂರು ಅನುವಾದ ಇದೆ ಸಾರ್. ಹಳೇದು, ಕಥೋಲಿಕರದು, ಆಮೇಲೆ ಸುಲಭ ಕನ್ನಡದ್ದು. ಯಾರಿಗೆ?” ಎನ್ನುತ್ತ ಮಾರಿಯಾ ಮೂರನ್ನೂ ತಂದು ಗಾಜಿನ ಮೇಜಿನ ಮೇಲಿಟ್ಟಳು. ಶಿವಾಜಿನಗರದ ಆ ಪುಸ್ತಕದಂಗಡಿಯಲ್ಲಿ ಅವಳು ಇಪ್ಪತ್ತು ವರ್ಷದಿಂದ ಕೆಲಸಕ್ಕಿದ್ದಳು. ಹಣೆಗೆ ಗಂಧ ಇಟ್ಟುಕೊಂಡು ಬಂದು ಬೈಬಲ್ ಕೇಳಿದ ಹಿರಿಯರನ್ನು ಹೆಚ್ಚು ಕಂಡವಳಲ್ಲ.

“ನನ್ನ ಮಗನಿಗೆ,” ಎಂದರು ವೆಂಕಟಸುಬ್ಬಯ್ಯ. “ಸುಮ್ನೆ ಓದೋಕೆ ಅಷ್ಟೇ. ಸೇರೋಕಲ್ಲ.”

ಸೇರೋಕಲ್ಲ ಎಂದು ಭಾರ್ಗವ್ ಎಲ್ಲೂ ಹೇಳಿರಲಿಲ್ಲ. ಮೊನ್ನೆ ಊಟಕ್ಕೆ ಕೂತಾಗ, “ಫೋನಲ್ಲಿ ಇಂಗ್ಲಿಷ್‌ದು ಓದಿದ್ರೆ ಮನಸ್ಸಿಗೆ ಹತ್ತಲ್ಲ ಅಪ್ಪಾ, ನಿಧಾನಕ್ಕಾದ್ರೂ ಕನ್ನಡದಲ್ಲೇ ಬೈಬಲ್ ಓದ್ಬೇಕು,” ಎಂದಿದ್ದ ಅಷ್ಟೇ. ತಾಯಿ ಅಲಮೇಲು ಸಾರಿನ ಸೌಟನ್ನು ಪಾತ್ರೆಗೆ ಬಿಟ್ಟು ಒಳಗೆದ್ದು ಹೋದರು. ವಿಮಾ ಕಂಪನಿಯಲ್ಲಿ ಮೂವತ್ತಾರು ವರ್ಷ ದುಡಿದು, ನಿವೃತ್ತಿಯಾದ ಮೇಲೆ ಕಾಲೊನಿಯವರಿಗೆ ವೇದಾಂತದ ಪಾಠ ಹೇಳುತ್ತಿದ್ದ ವೆಂಕಟಸುಬ್ಬಯ್ಯನವರಿಗೆ ಮಾತ್ರ ದೊಡ್ಡತನ ತೋರಿಸುವ ಹುಕಿ ಬಂತು. “ಓದಿ ಕೆಟ್ಟೋರು ಯಾರೂ ಇಲ್ಲ. ಓದೋದಾದ್ರೆ ಒಳ್ಳೇ ಅನುವಾದ ಇಟ್ಕೊಂಡು ಓದು. ನಾನೇ ಆರಿಸಿ ತಂದ್ಕೊಡ್ತೀನಿ,” ಎಂದುಬಿಟ್ಟರು. ಹೇಳಿ ಮುಗಿಸಿದ ಗಳಿಗೆಯಿಂದ ಎದೆಯಲ್ಲಿ ಅವಲಕ್ಕಿ ಕುಟ್ಟಲು ಶುರುವಾಯಿತು. ಸೋಮವಾರ ಅವರಿಗೆ ಬೈಪಾಸ್ ಆಪರೇಷನ್. ಏನಾದರೂ ಹೆಚ್ಚುಕಡಿಮೆಯಾದರೆ ಕೊಳ್ಳಿ ಇಡಬೇಕಾದವನು ಭಾರ್ಗವ್ ಒಬ್ಬನೇ; ಬೇರೆ ಮಕ್ಕಳಿಲ್ಲ.

ಮನೆಯಲ್ಲಿ ದೊಡ್ಡ ಕೆಲಸಕ್ಕೆ ಕೈಹಾಕುವ ಮುಂಚೆ, ಪುರಾಣದ ಪುಸ್ತಕವನ್ನು ಕಣ್ಣು ಮುಚ್ಚಿ ಬಿಡಿಸಿ, ಬೆರಳು ಬಿದ್ದ ಸಾಲಿನಲ್ಲಿ ಶಕುನ ನೋಡುವುದು ಅವರ ತಂದೆಯ ಕಾಲದಿಂದ ಬಂದ ರೂಢಿ. ಆ ಅಭ್ಯಾಸ ಅಂಗಡಿಯಲ್ಲೂ ಬಿಡಲಿಲ್ಲ. ಕಥೋಲಿಕರ ಪುಸ್ತಕವನ್ನು ಎತ್ತಿ ಕಣ್ಣಿಗೊತ್ತಿಕೊಂಡರು. ಕಣ್ಣು ಮುಚ್ಚಿ ಬಿಡಿಸಿ ಬೆರಳಿಟ್ಟರು.

ಶಿಷ್ಯನಾಗಲು ಹೊರಟ ಒಬ್ಬಾತ, ನನ್ನ ತಂದೆಯನ್ನು ಮಣ್ಣು ಮಾಡಿ ಬರುತ್ತೇನೆ, ಅಪ್ಪಣೆ ಕೊಡಿ ಎಂದು ಯೇಸುವನ್ನು ಬೇಡುತ್ತಾನೆ. ಆ ಕೆಲಸವನ್ನು ಸತ್ತವರಿಗೇ ಬಿಡು, ನೀನು ನನ್ನ ಹಿಂದೆ ಬಾ ಎಂದು ಅವನಿಗೆ ಉತ್ತರ ಸಿಗುತ್ತದೆ. ವೇದಾಂತ ಎಲ್ಲಿ ಹೋಯಿತೋ, ವೆಂಕಟಸುಬ್ಬಯ್ಯನವರಿಗೆ ಹೆದರಿಕೆಯಾಯಿತು. ಬಿಸಿ ಮುಟ್ಟಿದವರಂತೆ ಬೆರಳನ್ನು ಹಿಂದಕ್ಕೆಳೆದುಕೊಂಡರು.

“ಇದೇ ಜಾಗ ಇನ್ನೊಂದರಲ್ಲಿ ತೆಗೆದು ಕೊಡಮ್ಮ,” ಎಂದರು. ಮಾರಿಯಾ ಸುಲಭ ಕನ್ನಡದ್ದನ್ನು ತೆಗೆದುಕೊಟ್ಟಳು. ಅದರಲ್ಲಿ ಅದೇ ಮಾತು ಇನ್ನೂ ನೇರವಾಗಿತ್ತು, ಪಕ್ಕದಲ್ಲಿ ನಿಂತು ಹೇಳಿದಂತೆ. ಹಳೆಯದರಲ್ಲಿ ವಾಕ್ಯ ಸುತ್ತಿ ಬಳಸಿ ಬರುತ್ತಿತ್ತು. ಎರಡು ಸಲ ಓದಬೇಕಾಯಿತು. ಆದರೂ ಕೊನೆಗೆ ಅಪ್ಪನ ಹೆಣ ಅಲ್ಲೇ, ಮಗನಿಗೆ ಅದೇ ಅಪ್ಪಣೆ.

“ಏನಮ್ಮ ಇದು, ಮೂರರಲ್ಲೂ ಒಂದೇ ಇದೆ?”

“ಒಂದೇ ಇರ್ಬೇಕಲ್ವಾ ಸಾರ್?”

“ನಮ್ಮಲ್ಲಿ ಒಂದು ಸೂತ್ರಕ್ಕೆ ಮೂರು ಆಚಾರ್ಯರು, ಮೂರು ಅರ್ಥ. ಒಬ್ಬರದು ಹಿಡಿಸ್ಲಿಲ್ಲ ಅಂದ್ರೆ ಇನ್ನೊಬ್ಬರದು. ಇಲ್ಲಿ, ಹೋಗಪ್ಪ, ನಿಮ್ಮಪ್ಪನ್ನ ಕಳಿಸ್ಕೊಟ್ಟು ಬಾ ಅನ್ನೋರು ಯಾರೂ ಇಲ್ವಾ?”

ಮಾರಿಯಾ ಅವರ ಮುಖ ನೋಡಿದಳು. ಜಗಳಕ್ಕೆ ಬಂದವರ ಮುಖವಲ್ಲ ಅದು. “ಅದನ್ನ ಹಂಗೇ ತಗೋಬೇಡಿ ಸಾರ್,” ಎಂದಳು. “ಎಲ್ರೂ ಹಂಗೆ ತಗೊಂಡಿದ್ರೆ ನಮ್ಮ ಸ್ಮಶಾನದಲ್ಲಿ ಜಾಗಕ್ಕೆ ಇಷ್ಟು ಪರದಾಟ ಇರ್ತಿತ್ತಾ? ತಾತನ ಸಮಾಧಿನೇ ತೆಗೆಸಿ ನಮ್ಮಪ್ಪನ್ನ ಅದ್ರಲ್ಲಿ ಇಟ್ವಿ.”

“ಯಾರು ಇಟ್ಟಿದ್ದು?”

“ನನ್ನ ತಮ್ಮ.”

“ಒಬ್ಬನೇ ಮಗನಾ?”

“ಇಬ್ರು ಸಾರ್. ಅಣ್ಣ ಫಾದರ್ ಆಗ್ಬಿಟ್ಟಿದ್ದ, ಅಸ್ಸಾಂ ಕಡೆ ಇದ್ದ. ಬರೋಕಾಗ್ಲಿಲ್ಲ.” ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿತು ಅವಳಿಗೆ. ಮೇಜಿನ ಮೇಲಿಲ್ಲದ ಧೂಳನ್ನು ಸೆರಗಿನಿಂದ ಒರೆಸಿದಳು.

ವೆಂಕಟಸುಬ್ಬಯ್ಯ ಮೂರು ಪುಸ್ತಕವನ್ನೂ ಸಾಲಾಗಿ ಜೋಡಿಸಿಟ್ಟರು. ಬರಿಗೈಯಲ್ಲಿ ಹೋದರೆ ಮಗ ತಾನೇ ಬಂದು ಒಂದು ಕೊಂಡುಕೊಳ್ಳುತ್ತಾನೆ. ಅಪ್ಪ ಮಾತಿಗೆ ತಪ್ಪಿದ ಎಂಬುದೂ ಜೊತೆಗೆ ಸೇರುತ್ತದೆ. “ಮೊದಲಿಂದ ಓದ್ಕೊಂಡು ಬಂದ್ರೆ ಈ ಪುಟಕ್ಕೆ ಬರೋಕೆ ಎಷ್ಟು ದಿನ ಬೇಕಮ್ಮ?” ಎಂದು ಕೇಳಿದರು.

“ಮೊದಲಿಂದ ಅಂದ್ರೆ ಒಂದು ವರ್ಷಾನೇ ಆಗ್ಬೋದು.”

ಅವರು ಉಸಿರು ಬಿಟ್ಟರು. ಮಾರಿಯಾ ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಅವಳು ಸುಳ್ಳು ಹೇಳಿ ವ್ಯಾಪಾರ ಮಾಡುವವಳಲ್ಲ. “ಹೊಸಬರಿಗೆ ನಾವು ಹೊಸ ಒಡಂಬಡಿಕೆಯಿಂದ, ಅಂದ್ರೆ ಯೇಸು ಕಥೆ ಬರೋ ಭಾಗದಿಂದ ಶುರು ಮಾಡಿ ಅಂತೀವಿ ಸಾರ್,” ಎಂದಳು. “ಅಲ್ಲಿಂದ ಆದ್ರೆ ಹನ್ನೆರಡು ಪುಟ.”

ಇವತ್ತು ಗುರುವಾರ. ಶುಕ್ರವಾರ, ಶನಿವಾರ, ಭಾನುವಾರ. ವೆಂಕಟಸುಬ್ಬಯ್ಯ ಬೆರಳು ಮಡಿಸಿ ಎಣಿಸಿದರು. ಹನ್ನೆರಡು ಪುಟಕ್ಕೆ ಮೂರು ದಿನ ಧಾರಾಳವಾಗಿ ಸಾಕು.

“ಸುಲಭ ಕನ್ನಡದ್ದೇ ಹಾಕ್ಲಾ ಸಾರ್?” ಮಾರಿಯಾ ಚೀಲ ತೆಗೆದಳು. “ಎಲ್ರೂ ಇದನ್ನೇ ಕೇಳ್ತಾರೆ. ಒಂದೇ ಸಲಕ್ಕೆ ಅರ್ಥ ಆಗುತ್ತೆ.”

ಅರ್ಥ ತಿಳಿಯದೆ ಓದುವವನು ಗಂಧದ ಕಟ್ಟಿಗೆ ಹೊತ್ತ ಕತ್ತೆ ಎಂದು ಕಾಲೊನಿಗೆಲ್ಲ ಬುದ್ಧಿ ಹೇಳುತ್ತಿದ್ದ ವೆಂಕಟಸುಬ್ಬಯ್ಯ, ಆ ಪುಸ್ತಕವನ್ನು ಮೆಲ್ಲಗೆ ಅವಳ ಕಡೆಗೆ ತಳ್ಳಿದರು.

“ಬೇಡಮ್ಮ. ಹಳೇದೇ ಕೊಡು,” ಎಂದರು. “ಅದು ಅವನಿಗೆ ಸೋಮವಾರದೊಳಗೆ ಅರ್ಥ ಆಗಲ್ಲ.”